ಹೀಟರ್ ಆಫ್ ಮಾಡಿ ಊರಿಗೆ ಹೋಗಬೇಡಿ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಅಕ್ಟೋಬರ್ ಎರಡನೇ ವಾರ. ಮೇಪಲ್ ಎಲೆ ಅರ್ಧ ಮರದ ಮೇಲಿದೆ, ಅರ್ಧ ಸೂರಿನಂಚಿನ ಗಟರ್ ಒಳಗಿದೆ. ಈ ಶನಿವಾರ ಪೂರ್ತಿ ನಾವಿಬ್ಬರೂ ಬಾಡಿಗೆಗೆ ಕೊಟ್ಟ ಮನೆಯಲ್ಲೇ ಇದ್ದೆವು. ಊರಿನ ದಕ್ಷಿಣ ಭಾಗದ ಹಳೇ ಡ್ಯೂಪ್ಲೆಕ್ಸ್ ಅದು. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಇಲ್ಲಿ ಬಾಡಿಗೆದಾರರ ಮನೆಯೊಳಗೆ ಕಾಲಿಡಬೇಕಾದರೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು. ಹಾಗಾಗಿ ಬುಧವಾರವೇ ಮೆಸೇಜ್ ಹಾಕಿದ್ದೆ.

ಈ ಕೆಲಸವನ್ನು ನಾನು ಇಷ್ಟು ಹಚ್ಚಿಕೊಳ್ಳುವುದಕ್ಕೆ ಒಂದು ಕಾರಣ ಇದೆ.

ಮನೆ ಕೊಂಡ ಮೊದಲ ವರ್ಷ. ಕೆಳಗಿನ ಮನೆಯಲ್ಲಿ ಚೆನ್ನೈ ಕಡೆಯ ಹುಡುಗನೊಬ್ಬ ಇದ್ದ. ಅದು ಅವನಿಗೂ ಇಲ್ಲಿನ ಮೊದಲ ಚಳಿಗಾಲ. ಡಿಸೆಂಬರ್‌ನಲ್ಲಿ ಅಕ್ಕನ ಮದುವೆಗೆ ಹೊರಟ. ನಾವು ಊರಲ್ಲಿ ಬೀಗ ಹಾಕಿ ಹೊರಡುವಾಗ ಏನು ಮಾಡುತ್ತೇವೋ ಅದನ್ನೇ ಮಾಡಿದ. ಫ್ರಿಜ್ ಖಾಲಿ ಮಾಡಿದ, ಲೈಟ್ ಆರಿಸಿದ, ಮನೆ ಬಿಸಿ ಮಾಡುವ ಹೀಟರನ್ನೂ ಆಫ್ ಮಾಡಿದ. ಎರಡು ವಾರ ಕಳೆದ ಮೇಲೆ ಮೇಲಿನ ಮನೆಯವರ ಫೋನ್ ಬಂತು. 'ಕೆಳಗಡೆ ಮಳೆ ಬಂದ ಹಾಗೆ ಸದ್ದು ಕೇಳ್ತಿದೆ' ಅಂದರು.

ಹೋಗಿ ನೋಡಿದರೆ ಅಡುಗೆಮನೆ ತುಂಬ ನೀರು. ಸಿಂಕಿನ ಕೆಳಗೆ, ಹೊರಗೋಡೆಗೆ ತಾಗಿಕೊಂಡಿದ್ದ ತಾಮ್ರದ ಪೈಪು ಒಂದು ಬೆರಳುದ್ದ ಸೀಳಿತ್ತು. ಬಲಿತ ಅವರೆಕಾಯಿ ಬಿರಿಯುತ್ತದಲ್ವಾ, ಹಾಗೆ. ಮರದ ನೆಲ ಉಬ್ಬಿ ನಿಂತಿತ್ತು. ಹುಡುಗ ಫೋನಿನಲ್ಲಿ ಅತ್ತೇಬಿಟ್ಟ. 'ಆಂಟಿ, ಗ್ಯಾಸ್ ಸುಮ್ನೆ ಉರಿಯೋದು ಬೇಡ ಅಂತ ಆಫ್ ಮಾಡಿದೆ' ಅಂದ. ಅವನದೇನು ತಪ್ಪು? ಅವನಿಗೆ ಹೇಳಬೇಕಾದವಳು ನಾನು. ಹೇಳಿರಲಿಲ್ಲ.

ಇಲ್ಲಿನ ಚಳಿಯಲ್ಲಿ ಹೀಟರ್ ಇಲ್ಲದಿದ್ದರೆ ಪೈಪಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಗಡ್ಡೆ ಬೆಳೆಯುತ್ತಾ ಹೋದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ. ಒತ್ತಡ ಜಾಸ್ತಿಯಾಗಿ ಪೈಪು ಒಡೆಯುತ್ತದೆ. ಅದಕ್ಕೇ ತೀರಾ ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡಬೇಕು, ಮನೆಯ ಬಿಸಿ ಪೈಪಿಗೆ ತಾಗುವ ಹಾಗೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಬೇಕು. 2019ರ ಜನವರಿ 30ರಂದು ಇಲ್ಲಿ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್‌ಗೆ ಇಳಿದಿತ್ತು. ಅವತ್ತು ಎರಡೂ ಮನೆಯವರಿಗೆ ಫೋನ್ ಮಾಡಿ ಇಷ್ಟನ್ನೂ ಮಾಡಿಸಿದೆ. ಒಂದು ಪೈಪೂ ಒಡೆಯಲಿಲ್ಲ.

ನಾನು ಮಲೆನಾಡಿನ ಸಾಗರದ ಕಡೆಯವಳು. ಮೇ ತಿಂಗಳಲ್ಲಿ ಅಜ್ಜ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು, ಸೌದೆ ಒಳಗೆ ಸೇರಿಸುತ್ತಿದ್ದರು. ಮಳೆಗಾಲಕ್ಕೆ ಏನೇನು ಆಗಬೇಕು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ನೋಡುತ್ತಾ ಬೆಳೆದೆವು. ಈ ಹಿಮದ ಚಳಿಯನ್ನು ನೋಡುತ್ತಾ ಬೆಳೆಯದವರಿಗೆ ಯಾರಾದರೂ ಕೈಹಿಡಿದು ತೋರಿಸಬೇಕು.

ಅದಕ್ಕೇ ಈಗ ಬಾಡಿಗೆಯವರನ್ನೂ ಜೊತೆಗೆ ಕರೆದುಕೊಂಡೇ ಕೆಲಸ ಮಾಡುತ್ತೇನೆ. ಶನಿವಾರ ಮೊದಲು ಹಿತ್ತಲಿನ ನಲ್ಲಿ. ಹೋಸ್ ಪೈಪ್ ಬಿಚ್ಚಿದೆವು. ಅದು ಸಿಕ್ಕಿಸಿಯೇ ಇದ್ದರೆ ನೀರು ಒಳಗೇ ನಿಂತು ಬಿಡುತ್ತದೆ. ಆಮೇಲೆ ಬೇಸ್‌ಮೆಂಟಿಗೆ ಇಳಿದು ಆ ನಲ್ಲಿಯ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ತೆರೆದಿಟ್ಟೆವು. ವಾಲ್ವಿನ ಪಕ್ಕ ಪುಟ್ಟ ಹಿತ್ತಾಳೆ ಮುಚ್ಚಳ ಇದೆ. ಅದನ್ನು ತಿರುಗಿಸಿದರೆ ಪೈಪಿನಲ್ಲಿ ಉಳಿದ ನೀರು ಬಕೆಟ್ಟಿಗೆ ಇಳಿಯುತ್ತದೆ. ಕೆಳಗಿನ ಮನೆಯವರು ತಾವೇ ತಿರುಗಿಸಿದರು. ಇಡೀ ಮನೆಯ ನೀರು ನಿಲ್ಲಿಸುವ ದೊಡ್ಡ ವಾಲ್ವಿಗೆ ಕೆಂಪು ದಾರ ಕಟ್ಟಿ ತೋರಿಸಿದೆ.

ಫರ್ನೇಸ್, ಅಂದರೆ ಮನೆ ಬಿಸಿ ಮಾಡುವ ಗ್ಯಾಸ್ ಹೀಟರ್, ಅದರ ಸರ್ವಿಸ್ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ಫಿಲ್ಟರ್ ಹೊಸದು. ಮಲಗುವ ಕೋಣೆಗಳ ಹತ್ತಿರದ ಕಾರ್ಬನ್ ಮಾನಾಕ್ಸೈಡ್ ಅಲಾರಂ, ಅಂದರೆ ಫರ್ನೇಸಿನ ವಿಷಾನಿಲ ಮನೆಯೊಳಗೆ ಸೇರಿದರೆ ಕೂಗಿಕೊಳ್ಳುವ ಸಾಧನ, ಅದನ್ನೂ ಒತ್ತಿ ನೋಡಿದೆವು. ಪಕ್ಕದ ಗೋಡೆಯಿಂದ ಹೊರಗೆ ಬರುವ ಬಿಳಿ ಪೈಪು ಫರ್ನೇಸಿನ ಹೊಗೆ ಹೋಗುವ ದಾರಿ. ಹಿಮ ಬಿದ್ದಾಗ ಅದು ಮುಚ್ಚದ ಹಾಗೆ ನೋಡಿಕೊಳ್ಳಿ ಅಂತ ಎರಡೆರಡು ಸಲ ಹೇಳಿದೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮನೆಯಲ್ಲಿ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ (20 ಸೆಲ್ಸಿಯಸ್) ಬಿಸಿ ಇರುವ ಹಾಗೆ ಮಾಲೀಕರು ನೋಡಿಕೊಳ್ಳಬೇಕು ಅಂತ ಮಿನೆಸೋಟಾದಲ್ಲಿ 2024ರಿಂದ ಕಾನೂನೇ ಇದೆ. ಒಳ್ಳೆಯ ಕಾನೂನು.

ಆದರೆ ಬಿಸಿ ಹೆಚ್ಚುಕಡಿಮೆ ಮಾಡುವ ಥರ್ಮೋಸ್ಟಾಟ್ 68 ತೋರಿಸಿದ ಮಾತ್ರಕ್ಕೆ ಎಲ್ಲ ಮೂಲೆಯೂ ಬೆಚ್ಚಗಿರುತ್ತದಾ? 'ಯಾವ ಜಾಗದಲ್ಲಿ ಚಳಿ ಆಗುತ್ತೆ?' ಅಂತ ಪ್ರತಿ ವರ್ಷ ಕೇಳುತ್ತೇನೆ. ಅಲ್ಲಿ ಮಲಗುವವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಮೇಲಿನ ಮನೆಯ ಪುಟ್ಟಿಯ ಮಂಚ ಉತ್ತರದ ಕಿಟಕಿಗೆ ತಾಗಿದೆಯಂತೆ, ರಾತ್ರಿ ತಲೆಗೆ ಗಾಳಿ ಬಡಿಯುತ್ತಂತೆ. ಕಿಟಕಿ ಚೌಕಟ್ಟಿನ ಸುತ್ತ ಅಂಟುಪಟ್ಟಿ ಹಚ್ಚಿ, ತೆಳು ಪ್ಲಾಸ್ಟಿಕ್ ಹಾಳೆ ಎಳೆದು ಅಂಟಿಸಿದೆವು. ಹೇರ್ ಡ್ರೈಯರ್ ಹಿಡಿದವಳು ಪುಟ್ಟಿಯೇ. ಬಿಸಿ ಗಾಳಿ ತಾಗಿದ ಕಡೆಯೆಲ್ಲ ಸುಕ್ಕು ಒಂದೊಂದೇ ಮಾಯವಾಗಿ, ಹಾಳೆ ಮೃದಂಗದ ಚರ್ಮದ ಹಾಗೆ ಬಿಗಿಯಾಯಿತು. ಅವಳು ಬೆರಳಲ್ಲಿ ತಟ್ಟಿ 'ಡುಮ್' ಅಂದಳು. ಮಂಚವನ್ನೂ ಒಳಗೋಡೆಯ ಕಡೆ ಸರಿಸಿದೆವು.

ಗಟರ್ ಕೆಲಸ ಬಾಕಿ ಇದೆ. ಎಲೆ ಪೂರ್ತಿ ಉದುರಿದ ಮೇಲೆ ಏಣಿ ಹತ್ತಬೇಕು. ಸನಿಕೆ, ಮಂಜುಗಡ್ಡೆ ಕರಗಿಸುವ ಉಪ್ಪಿನ ಚೀಲ ಹಿಂಬಾಗಿಲ ಹತ್ತಿರ ಇಟ್ಟಾಗಿದೆ. ಹಿಮ ಬೀಳುವುದು ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯಬೇಕು. ಅದನ್ನು ನಾವೇ ಮಾಡುತ್ತೇವೆ.

ಮೇಲಿನ ಮನೆಯವರು ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೋಗುತ್ತಾರಂತೆ. ಹೀಟರ್ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ ಅಂದಿದ್ದೇನೆ. ಎರಡು ದಿನಕ್ಕೊಮ್ಮೆ ನಾನು ಹೋಗಿ ಸಿಂಕಿನ ಕೆಳಗೆ ಕೈಯಾಡಿಸಿ, ನಲ್ಲಿ ತಿರುಗಿಸಿ ನೋಡಿ ಬರುತ್ತೇನೆ. ಪುಟ್ಟಿ ಈಗಲೇ ತನ್ನ ತುಳಸಿ ಗಿಡಕ್ಕೂ ನೀರು ಹಾಕಬೇಕು ಅಂತ ಹೇಳಿಟ್ಟಿದ್ದಾಳೆ.