ಬನ್ನಿ ಮರದಿಂದ ಇಳಿದ ಪುಸ್ತಕಗಳು

ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ನಮ್ಮ ಮನೆಯಲ್ಲಿ ಸರಸ್ವತಿಯ ಆವಾಹನೆ. ಮಣೆಯ ಮೇಲೆ ಪುಸ್ತಕಗಳನ್ನು ಜೋಡಿಸಿ, ಮಡಿವಸ್ತ್ರ ಹೊದಿಸಿ, ಅರಿಶಿನ ಕುಂಕುಮ ಇಟ್ಟರೆ ಶ್ರವಣದಂದು ವಿಸರ್ಜನೆಯಾಗುವವರೆಗೆ ಯಾರೂ ಓದುವಂತಿಲ್ಲ. ಮಕ್ಕಳು ಇಷ್ಟು ನಿಷ್ಠೆಯಿಂದ ಪಾಲಿಸುವ ವ್ರತ ಇನ್ನೊಂದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಮುಚ್ಚಿದ ಶಾಲೆ ಆ ನವರಾತ್ರಿಗೂ ತೆರೆದಿರಲಿಲ್ಲ. ‘ಪಾಠವೆಲ್ಲ ಅದರಲ್ಲೇ ತಾನೇ, ಅದನ್ನೂ ಇಡು’ ಎಂದು ಅತ್ತೆ ಮೊಬೈಲನ್ನೂ ಮಣೆಗೆ ಏರಿಸಿದರು. ಪುಸ್ತಕ ಸುಮ್ಮನಿರುತ್ತದೆ, ಮೊಬೈಲ್ ಇರಬೇಕಲ್ಲ! ಮಂಗಳಾರತಿಯ ನಡುವೆಯೇ ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳಿದರು.

ನಮ್ಮಲ್ಲಿ ಮನೆಗೆಲಸಕ್ಕೆ ಬರುವವರ ಮಗಳು ಆಗ ಸರ್ಕಾರಿ ಶಾಲೆಯ ಮೂರನೇ ತರಗತಿ. ಮನೆಗಿದ್ದ ಒಂದೇ ಮೊಬೈಲ್ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಆಗಸ್ಟ್‌ನಲ್ಲಿ ಶುರುವಾದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಬಂದರು. ಮರದಡಿ, ಸಮುದಾಯ ಭವನ, ಗುಡಿಯ ಜಗಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ. ನಮ್ಮ ಬೀದಿಯ ಗುಡಿಗೆ ಹೋದಾಗ ಗರ್ಭಗುಡಿಗಿಂತ ಜಗಲಿಯ ಮುಂದೆಯೇ ಹೆಚ್ಚು ಹೊತ್ತು ನಿಂತಿದ್ದೆ. ಸೋಂಕು ಹಬ್ಬುತ್ತಿದೆಯೆಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನಿಲ್ಲಿಸಿದವರನ್ನು ದೂರಲಾರೆ. ಆದರೆ ಪುಸ್ತಕ ತೆರೆಯುವ ಅನುಕೂಲವಿದ್ದವರು ಮುಚ್ಚಿಟ್ಟರೆ ಅದು ವ್ರತ. ಆ ಹುಡುಗಿಯ ಪಾಲಿಗೆ ಅದು ಯಾವ ವ್ರತ?

ದಶಮಿಯಂದು ಅತ್ತೆ ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ತೆಗೆದರು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬನ್ನಿ ಮರದಲ್ಲಿ ಅಡಗಿಸಿಟ್ಟ ಕಥೆ ಅದರಲ್ಲೇ ಇದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಾವು ಆಡಿಕೊಳ್ಳುತ್ತೇವೆ. ಆದರೆ ಗಾಂಡೀವ ತಾನಾಗಿ ಕೆಳಗಿಳಿಯಲಿಲ್ಲ. ಬೃಹನ್ನಳೆಯ ಮಾತಿಗೆ ನಡುಗುತ್ತಲೇ ಮರ ಹತ್ತಿ ಅದನ್ನು ಇಳಿಸಿಕೊಟ್ಟವನು ಆ ಪುಕ್ಕಲನೇ. ಬೆಂಗಳೂರಿನ ಶಂಕರಪುರದ ಶಂಕರ ಮಠದಲ್ಲಿ ಶಾರದೆಯ ಮುಂದೆ ನಿಂತಾಗ, ಪಾಂಡಿತ್ಯವನ್ನು ಕೇಳುವ ವಯಸ್ಸು ದಾಟಿದವಳಿಗೆ ಬೇಡಲು ಹೊಳೆದದ್ದು ಇಷ್ಟೇ: ತಾಯಿ, ಉತ್ತರನಷ್ಟಾದರೂ ಮಾಡಿಸು.

ಅಂದಿನಿಂದ ಹುಡುಗಿ ಸಂಜೆ ಬರತೊಡಗಿದಳು. ಮೊದಲು ಅವಳ ಪಠ್ಯಪುಸ್ತಕ, ಆಮೇಲೆ ಭಾರತ. ಅತ್ತೆ ಷಟ್ಪದಿಯನ್ನು ರಾಗವಾಗಿ ಓದುವರು, ನಾನು ಅರ್ಥ ಹೇಳುವೆ. ಅರ್ಥ ಪೂರ್ತಿ ಹತ್ತದಿದ್ದರೂ ಅವಳ ಬೆರಳು ಸಾಲಿನ ಮೇಲೆ ತಾಳ ತಪ್ಪದೆ ಸಾಗುತ್ತಿತ್ತು. ಒತ್ತಕ್ಷರ ಬಂದಲ್ಲಿ ನಿಂತು, ಉಸಿರೆಳೆದುಕೊಂಡು, ಮುಂದಕ್ಕೆ. ಕೀಚಕನ ಪ್ರಸಂಗವನ್ನು ಹಾರಿಸಿದೆವು. ಉತ್ತರ ರಥದಿಂದ ಹಾರಿ ಓಡುವ ಭಾಗವನ್ನು ಮತ್ತೆ ಮತ್ತೆ ಓದಿಸಿಕೊಂಡಳು.

ಪಾಂಡವರ ಅಜ್ಞಾತವಾಸ ಒಂದೇ ವರ್ಷದ್ದು. ಈ ಮಕ್ಕಳದು ಅದನ್ನೂ ಮೀರಿತು. 2021ರ ವಿಜಯದಶಮಿ ಅಕ್ಟೋಬರ್ 15ಕ್ಕೆ ಕಳೆಯಿತು. ಒಂದರಿಂದ ಐದನೇ ತರಗತಿಯವರಿಗೆ ಶಾಲೆ ತೆರೆದದ್ದು 25ಕ್ಕೆ. ಮೂರನೆಯ ತರಗತಿಯ ಕೊಠಡಿಯನ್ನೇ ಕಾಣದೆ ಅವಳು ನಾಲ್ಕನೆಯದಕ್ಕೆ ಹೋಗಿ ಕುಳಿತಳು. ಆಮೇಲೆ ಸಂಜೆ ಮನೆಪಾಠದ ಬರವಣಿಗೆ, ಗೆಳತಿಯರು, ಕುಂಟೆಬಿಲ್ಲೆ. ಉದ್ಯೋಗಪರ್ವ ಅರ್ಧಕ್ಕೇ ನಿಂತಿತೆಂದು ಅತ್ತೆಯ ದೂರು.