ಹೆಬ್ಬೆರಳಿನ ಒರಟು ಅಂಚು

ಭಾನುವಾರ, 16 ಮಾರ್ಚ್ 2025, ರಾತ್ರಿ

ಇವತ್ತು ಕಚ್ಚಿಬಿಟ್ಟೆ. ಉಗುರು ಕಚ್ಚುವುದನ್ನು ಬಿಡಲು ಹೊರಟ 44ನೇ ದಿನ. ಎಡಗೈ ಹೆಬ್ಬೆರಳು, ಉಗುರಿನ ಬಲಬದಿಯ ಚರ್ಮ. ಸಂಜೆ ಆರು ಹತ್ತಕ್ಕೆ.

ನಾಳೆ ಕೊಡಬೇಕಾದ ಒಂದು ಲೆಕ್ಕ ತಾಳೆ ಆಗುತ್ತಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಮೂರನೇ ಸಲ ಮೇಲಿನಿಂದ ಕೆಳಗೆ ನೋಡಿಕೊಂಡು ಬರುತ್ತಿದ್ದೆ. ಬಲಗೈ ಮೌಸ್ ಮೇಲಿತ್ತು. ಎಡಗೈಗೆ ಕೆಲಸ ಇರಲಿಲ್ಲ. ಕೊನೆಗೂ ತಪ್ಪು ಸಿಕ್ಕಿತು. ಉಸಿರು ಬಿಟ್ಟೆ ನೋಡಿ, ಆಗ ನಾಲಿಗೆಗೆ ಉಪ್ಪುಪ್ಪು ತಾಕಿತು. ಹೆಬ್ಬೆರಳ ಪಕ್ಕ ಅಕ್ಕಿಕಾಳಿನಷ್ಟು ಉದ್ದ ಚರ್ಮ ಎದ್ದುಹೋಗಿ, ರಕ್ತ ಉಗುರಿನ ಸಂದಿಗೆ ಇಳಿದಿತ್ತು.

ಮೊದಲಾಗಿದ್ದರೆ 'ಹೇಗೂ ಒಂದು ಹೋಯಿತಲ್ಲ' ಅಂತ ಮಲಗುವ ಹೊತ್ತಿಗೆ ಹತ್ತೂ ಬೆರಳು ಮುಗಿಸಿರುತ್ತಿದ್ದೆ. ಹಾಗೆ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಇವತ್ತು ಎದ್ದು ಹೋಗಿ ಸೋಪು ಹಚ್ಚಿ ತೊಳೆದೆ. ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದೆ. ವ್ಯಾಸಲೀನ್ ಸವರಿ ಬ್ಯಾಂಡೇಜ್ ಪಟ್ಟಿ ಸುತ್ತಿದೆ. ಉಳಿದ ಒಂಬತ್ತು ಬೆರಳು ಹಾಗೇ ಇವೆ. 43 ದಿನ ಕಚ್ಚದೆ ಇದ್ದದ್ದಕ್ಕಿಂತ ಇದೇ ನನಗೆ ದೊಡ್ಡದು ಅನಿಸುತ್ತಿದೆ. ಅದಕ್ಕೇ ಇವತ್ತು ಇಷ್ಟು ಉದ್ದ ಬರೆಯಲು ಕೂತಿದ್ದೇನೆ.

ಉಗುರು ಕಚ್ಚಲು ಶುರು ಮಾಡಿದ್ದು ಏಳೆಂಟು ವರ್ಷದವಳಿದ್ದಾಗ. ಬಾಯಿಗೆ ಬೆರಳು ಹೋದಾಗೆಲ್ಲ ಕೈ ಮೇಲೆ ಏಟು ಬೀಳುತ್ತಿತ್ತು. ಏಟು ಬಿದ್ದರೆ ಕೈ ಕೆಳಗೆ, ಯಾರೂ ಇಲ್ಲದಿದ್ದರೆ ಮತ್ತೆ ಬಾಯಿಗೆ. ಏಟಿನಿಂದ ನಾನು ಕಲಿತದ್ದು ಬಚ್ಚಿಡುವುದನ್ನು ಮಾತ್ರ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮಾತಾಡುತ್ತಿದ್ದೆ. ಫೋಟೋ ತೆಗೆಯುವಾಗ ಕೈ ಬೆನ್ನ ಹಿಂದೆ. ಸಹಿ ಮಾಡುವಾಗ ಎಡಗೈ ಮೇಜಿನ ಕೆಳಗೆ. ಮನೆಯಲ್ಲಿ ಉಗುರು ಕಚ್ಚುವ ಮಗು ಇದ್ದರೆ ದಯವಿಟ್ಟು ಹೊಡೆಯಬೇಡಿ, ನಾಲ್ಕು ಜನರ ಎದುರು ಕೈ ಹಿಡಿದು ತೋರಿಸಬೇಡಿ. ಆ ನಾಚಿಕೆ ಉಗುರಿಗಿಂತ ಬೇಗ ಬೆಳೆಯುತ್ತದೆ.

ನಿಲ್ಲಿಸಲೇಬೇಕು ಅಂತ ಕೂತದ್ದು ಜನವರಿಯಲ್ಲಿ, ಉಗುರುಸುತ್ತು ಆದಮೇಲೆ. ಬಲಗೈ ತೋರುಬೆರಳು ಬಾತು ಕೆಂಪಗಾಗಿ ರಾತ್ರಿಯೆಲ್ಲ ಎದೆಬಡಿತದ ಜೊತೆ ಅದೂ ಬಡಿದುಕೊಳ್ಳುತ್ತಿತ್ತು. ಡಾಕ್ಟರು ಕೀವು ತೆಗೆದರು. ಆಮೇಲೆ ಉಗುರಿನ ಬುಡ ತೋರಿಸಿ ವಿವರಿಸಿದರು. ಅಲ್ಲಿರುವ ತೆಳು ಪೊರೆ ಉಗುರಿಗೂ ಚರ್ಮಕ್ಕೂ ನಡುವೆ ಅಂಟು ಹಾಕಿದ ಹಾಗೆ ಸಂದಿ ಮುಚ್ಚಿರುತ್ತದೆ. ನಾವು ಅದನ್ನು ಕಚ್ಚಿ ಕೀಳುತ್ತೇವೆ, ಬಾಯಿಯ ಮತ್ತು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಆ ಸಂದಿಯಿಂದ ಒಳಗೆ ಇಳಿಯುತ್ತವೆ. ಉಗುರು ಹುಟ್ಟುವ ಜಾಗವೂ ಅಲ್ಲೇ ಚರ್ಮದ ಕೆಳಗಿದೆ, ಅದಕ್ಕೆ ಪದೇ ಪದೇ ಪೆಟ್ಟಾದರೆ ಉಗುರು ಅಂಕುಡೊಂಕಾಗಿಯೇ ಬರಬಹುದು ಅಂದರು. ಬೈಯಲಿಲ್ಲ. "ಎಷ್ಟು ನೋವಾಗಿರಬೇಕಲ್ಲಮ್ಮಾ" ಅಂದರು, ಅಷ್ಟೇ. ಅಲ್ಲಿಂದ ಬರುವಾಗ ದಾರಿಯಲ್ಲಿ ಅತ್ತುಬಿಟ್ಟೆ.

ಕಹಿ ಬಣ್ಣ ಹಚ್ಚುವುದನ್ನು ಹಿಂದೆ ಎರಡು ಸಲ ಮಾಡಿ ನೋಡಿದ್ದೆ. ಅದರಲ್ಲಿ ಇರುವುದು ಡೆನಾಟೋನಿಯಂ ಬೆಂಜೋಯೇಟ್. ಸ್ಕಾಟ್ಲೆಂಡಿನಲ್ಲಿ 1958ರಲ್ಲಿ, ಮರಗಟ್ಟಿಸುವ ಔಷಧಿಗಳ ಮೇಲೆ ಕೆಲಸ ಮಾಡುವಾಗ ಸಿಕ್ಕಿದ ವಸ್ತು. ಅದಕ್ಕಿಂತ ಕಹಿ ಇನ್ನೊಂದಿಲ್ಲ ಅನ್ನುತ್ತಾರೆ. ಮೊದಲ ವಾರ ಕೆಲಸ ಮಾಡಿತು. ಎರಡನೇ ವಾರ ಕಹಿಗೇ ನಾಲಿಗೆ ಒಗ್ಗಿಕೊಂಡಿತು. ಕೆಲವರಿಗೆ ಅದರಿಂದ ಒಳ್ಳೆಯದಾಗಿದೆ, ಹಾಗಾಗಿ ಬೇಡ ಅನ್ನುವುದಿಲ್ಲ. ಆದರೆ ಕಹಿ ಗೊತ್ತಾಗುವುದು ಬೆರಳು ಬಾಯಿಗೆ ಹೋದ ಮೇಲೆ. ನನಗೆ ಬೇಕಾಗಿದ್ದದ್ದು ಅದಕ್ಕಿಂತ ಮೊದಲು ಗೊತ್ತಾಗುವುದು.

ಹಾಗಾಗಿ ಈ ಸಲ ಪುಸ್ತಕ ಇಟ್ಟೆ. ಅಂಗೈಯಗಲದ ನೋಟ್‌ಬುಕ್. ಫೆಬ್ರವರಿ 1ರಿಂದ, ಬೆರಳು ಬಾಯಿಗೆ ಹೊರಟಾಗೆಲ್ಲ ಹೊತ್ತು, ಬೆರಳು, ಆಗ ಏನು ಮಾಡುತ್ತಿದ್ದೆ, ಇಷ್ಟನ್ನು ಗೀಚುವುದು. ಮೊದಲ ದಿನವೇ ಎರಡು ಪುಟ ತುಂಬಿತು. ಟೆನ್ಷನ್ ಆದಾಗ ಕಚ್ಚುತ್ತೀಯ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಪುಸ್ತಕದಲ್ಲಿ ಟೆನ್ಷನ್ ಕಡಿಮೆ. ಓದುವಾಗ, ಕಾಯುವಾಗ, ಟೀವಿ ನೋಡುವಾಗ, ಒಂದು ವಿಷಯದಲ್ಲಿ ಮುಳುಗಿಹೋದಾಗ, ಸುಮ್ನೆ ಬೇಜಾರಾದಾಗ, ಅದೇ ಜಾಸ್ತಿ. ಬಲಗೈಗಿಂತ ಎಡಗೈಯ ಬೆರಳುಗಳು ಯಾಕೆ ಹಾಳಾಗಿವೆ ಅನ್ನುವುದೂ ಆಗಲೇ ಹೊಳೆಯಿತು. ಎಡಗೈ ಖಾಲಿ ಇರುತ್ತದೆ.

ನಾಲ್ಕನೇ ದಿನ ಇನ್ನೊಂದು ಕಂಡೆ. ಬೆರಳು ನೇರವಾಗಿ ಬಾಯಿಗೆ ಹೋಗುವುದೇ ಇಲ್ಲ! ಮೊದಲು ತೋರುಬೆರಳ ತುದಿ ಹೆಬ್ಬೆರಳ ಅಂಚನ್ನು ಸವರುತ್ತದೆ. ಮೆಲ್ಲಗೆ, ಆ ಬದಿಯಿಂದ ಈ ಬದಿಗೆ. ನುಣುಪಾಗಿದ್ದರೆ ಮುಂದಿನ ಬೆರಳಿಗೆ ಹೋಗುತ್ತದೆ. ಎಲ್ಲಾದರೂ ಒಂದು ಮೂಲೆ, ಎದ್ದ ಸಿಪ್ಪೆ, ಸಣ್ಣ ಗಡಸು ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಅದನ್ನೇ ಉಜ್ಜುತ್ತದೆ. ಆಮೇಲೆ ಬಾಯಿ. ಇಷ್ಟು ವರ್ಷ ನಾನು ಹಾಳು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕೈ ಮಾಡುತ್ತಿದ್ದದ್ದು ಸರಿ ಮಾಡುವ ಕೆಲಸ. ಒರಟನ್ನು ನುಣುಪು ಮಾಡಲು ಹೊರಟು, ಹಲ್ಲಿನಿಂದ ಮಾಡುವುದರಿಂದ ಇನ್ನಷ್ಟು ಒರಟಾಗಿ, ಮತ್ತೆ ಅದನ್ನು ಸರಿ ಮಾಡಲು ಹೋಗಿ. ಇದು ಗೊತ್ತಾದ ದಿನ ನನ್ನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಹೀಗೆ ಬರೆದಿಟ್ಟು ಗಮನಿಸುವುದೇ ಒಂದು ಹಳೆಯ ಕ್ರಮದ ಮೊದಲ ಮೆಟ್ಟಿಲು ಅಂತ ಆಮೇಲೆ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಅದನ್ನು ಪ್ರಕಟಿಸಿದರು. ಎರಡನೇ ಮೆಟ್ಟಿಲು, ಕೈ ಹೊರಟಿತು ಅಂತ ಗೊತ್ತಾದ ಕೂಡಲೇ ಅದಕ್ಕೆ ಕಚ್ಚಲು ಆಗದಂಥ ಬೇರೆ ಕೆಲಸ ಕೊಡುವುದು. ಮುಷ್ಟಿ ಬಿಗಿ ಹಿಡಿಯುವುದು, ಅಥವಾ ಏನಾದರೂ ವಸ್ತುವನ್ನು ಹಿಡಿದುಕೊಳ್ಳುವುದು. ಅವರು ಹೇಳಿದ್ದು ಮೂರು ನಿಮಿಷ. ನಾನು ಒಂದು ನಿಮಿಷ ಹಿಡಿಯುತ್ತೇನೆ. ಮುಷ್ಟಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಬೆರಳ ತುದಿಗಳನ್ನು ಒಂದಕ್ಕೊಂದು ಮೆಲ್ಲಗೆ ಸವರುವುದು, ಇಲ್ಲವೇ ಅಂಗೈಯನ್ನು ಹಗುರವಾಗಿ ನೇವರಿಸುವುದು. ಜರ್ಮನಿಯ ಸ್ಟೆಫೆನ್ ಮೊರಿಟ್ಜ್ ಮತ್ತು ಜೊತೆಯವರು 268 ಜನರ ಮೇಲೆ ಇದನ್ನು ಆರು ವಾರ ಪರೀಕ್ಷಿಸಿ 2023ರಲ್ಲಿ ಬರೆದಿದ್ದಾರೆ. ಕಲಿತವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಏನಾದರೂ ಸುಧಾರಿಸಿತು. ಕಲಿಸದೆ ಕಾಯಲು ಹೇಳಿದವರಲ್ಲಿ ಐವರಿಗೆ ಒಬ್ಬರಂತೆ. ಉಗುರು ಕಚ್ಚುವವರಿಗೇ ಹೆಚ್ಚು ಉಪಯೋಗವಾಯಿತಂತೆ. ಬೆರಳು ಬೇಡುವುದು ಸ್ಪರ್ಶವನ್ನು ಅಲ್ವಾ, ಅದು ಸಿಕ್ಕಿಬಿಡುತ್ತದೆ.

ಮೂರನೆಯದು ಜೊತೆಗಾರರು. ನನಗೆ ಅಕ್ಕ ಇದ್ದಾಳೆ. ಬೈಯಬಾರದು, ಕೈ ಎಳೆಯಬಾರದು ಅಂತ ಮೊದಲೇ ಒಪ್ಪಂದ ಮಾಡಿಕೊಂಡೆವು. ಕಂಡಾಗ "ಕೈ ಎಲ್ಲಿದೆ ನೋಡ್ಕೊಳೇ" ಅಂತಾಳೆ, ಅಷ್ಟೇ. ಸ್ವರ ಏರಿಸುವುದಿಲ್ಲ.

ಉಗುರು ಬಿಡುವುದು ಸುಲಭ, ಚರ್ಮ ಬಿಡುವುದು ಕಷ್ಟ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಉಗುರನ್ನು ಫೈಲ್‌ನಲ್ಲಿ ಉಜ್ಜಿ ನುಣುಪು ಮಾಡಿದರೆ ಅದು ಹಾಗೇ ಇರುತ್ತದೆ. ಚರ್ಮ ಒಣಗುತ್ತದೆ, ಅಂಚು ಏಳುತ್ತದೆ. ಗಾಯ ಮಾಯುವಾಗ ಬರುವ ಹೊಸ ಚರ್ಮವೂ ಒರಟು, ಅದೇ ಬೆರಳನ್ನು ಕರೆಯುತ್ತದೆ. ಎದ್ದ ಸಿಪ್ಪೆಯನ್ನು ಎಳೆದರೆ ಜೀವ ಇರುವ ಚರ್ಮದವರೆಗೂ ಹರಿದುಕೊಂಡು ಹೋಗುತ್ತದೆ. ಈಗ ನಾನು ಮಾಡುವುದು ಇಷ್ಟು. ಉಗುರುಬೆಚ್ಚಗಿನ ನೀರಿನಲ್ಲಿ ಬೆರಳನ್ನು ಐದು ನಿಮಿಷ ಇಡುತ್ತೇನೆ. ಸಿಪ್ಪೆ ಮೆತ್ತಗಾದ ಮೇಲೆ ತೊಳೆದ ನೇಲ್ ಕಟರ್‌ನಿಂದ ಬುಡದ ಹತ್ತಿರ ಕತ್ತರಿಸುತ್ತೇನೆ, ಎಳೆಯುವುದಿಲ್ಲ. ಒರೆಸಿ ವ್ಯಾಸಲೀನ್. ರಾತ್ರಿ ಮಲಗುವಾಗ ಹತ್ತೂ ಬೆರಳಿಗೆ ಇನ್ನೊಂದು ಸಲ. ಕಟರ್ ಒಂದು ಚೀಲದಲ್ಲಿ, ಫೈಲ್ ಒಂದು ಮೇಜಿನ ಮೇಲೆ, ಇನ್ನೊಂದು ಹಾಸಿಗೆ ಪಕ್ಕ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ. ನಾನು ಇಷ್ಟು ವರ್ಷ ಫೈಲ್‌ನಲ್ಲಿ ಹೋಗುವುದಕ್ಕೆ ಹಲ್ಲು ಹಾಕುತ್ತಿದ್ದೆ.

ಬೆರಳಿನ ಉಗುರು ತಿಂಗಳಿಗೆ ಹೆಚ್ಚುಕಡಿಮೆ 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ನನ್ನ ಉಂಗುರಬೆರಳಿನಲ್ಲಿ ಈಗ ಗುಲಾಬಿ ಭಾಗ ಮುಗಿದು ಬಿಳಿ ಗೆರೆ ಶುರುವಾಗಿದೆ. ಮೊನ್ನೆ ಮೇಜಿನ ಮೇಲೆ ಬಿದ್ದ ಗುಂಡುಸೂಜಿಯನ್ನು ಉಗುರಿನಿಂದ ಎತ್ತಿದೆ. ಮೊದಲು ಮೇಜಿನ ಅಂಚಿನವರೆಗೂ ತಳ್ಳಿ ಕೆಳಗೆ ಕೈ ಒಡ್ಡಬೇಕಾಗಿತ್ತು. ಸೂಜಿಯನ್ನು ಮತ್ತೆ ಹಾಕಿ ಮತ್ತೆ ಎತ್ತಿದೆ. ನಾಲ್ಕೈದು ಸಲ.

ಇನ್ನು ಇವತ್ತಿನದ್ದು. 21 ದಿನ ತಡೆದರೆ ಆಯಿತು ಅಂತ ಎಲ್ಲ ಕಡೆ ಹೇಳುತ್ತಾರೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು ನೋಡಿದಾಗ ಹೊಸ ಅಭ್ಯಾಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ಸಲ ತಪ್ಪಿದರೆ ಅದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ ಅನ್ನುವುದೂ ಅದರಲ್ಲಿದೆ. ಅದು ಅಭ್ಯಾಸ ಕಟ್ಟಿಕೊಳ್ಳುವುದರ ಬಗ್ಗೆ ಮಾಡಿದ್ದು, ಬಿಡುವುದರ ಬಗ್ಗೆ ಅಲ್ಲ. ಆದರೆ ಬೆರಳ ತುದಿ ಸವರುವುದೂ ಫೈಲ್ ಎತ್ತಿಕೊಳ್ಳುವುದೂ ನನಗೆ ಹೊಸ ಅಭ್ಯಾಸಗಳೇ. ಸಂಜೆ ಒಂದು ಸಲ ತಪ್ಪಿತು. 6.10, ಎಡ ಹೆಬ್ಬೆರಳು, ಲೆಕ್ಕ ನೋಡುವಾಗ. ಪುಸ್ತಕಕ್ಕೆ ಬರೆದೆ. ನಾಳೆಯಿಂದ ಲೆಕ್ಕಕ್ಕೆ ಕೂತಾಗ ಎಡಗೈಗೆ ಒಂದು ನುಣುಪು ಕಲ್ಲು ಕೊಡುತ್ತೇನೆ.

ಏನು ಮಾಡಿದರೂ ನಿಲ್ಲುತ್ತಿಲ್ಲ, ಗಾಯ ಮಾಯುತ್ತಲೇ ಇಲ್ಲ ಅನ್ನುವವರು ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5ರಲ್ಲೂ ಇದಕ್ಕೆ ಜಾಗ ಇದೆ. ನಿಮ್ಮೊಬ್ಬರ ಹಟಮಾರಿತನ ಅಲ್ಲ ಇದು.

ಇದನ್ನು ಟೈಪ್ ಮಾಡುವಾಗ ತೋರುಬೆರಳು ಎರಡು ಸಲ ಹೆಬ್ಬೆರಳ ಹತ್ತಿರ ಹೋಯಿತು. ಬ್ಯಾಂಡೇಜ್ ಪಟ್ಟಿಯ ತುದಿ ಸ್ವಲ್ಪ ಎದ್ದಿದೆ, ಅದನ್ನೇ ಹುಡುಕುತ್ತಿತ್ತು. ಒತ್ತಿ ಅಂಟಿಸಿದೆ. ಬಲಗೈ ತೋರುಬೆರಳ ಉಗುರಿನ ಒಂದು ಮೂಲೆಯೂ ಒರಟಾಗಿದೆ. ನಾಳೆ ಬೆಳಿಗ್ಗೆ ಸರಿ ಮಾಡೋಣ ಅಂದುಕೊಂಡೆ. ಬೇಡ, ಫೈಲ್ ಇಲ್ಲೇ ಇದೆ.