ತೊಟ್ಟಿಮನೆ ಸರಿ, ಹೊರಮನೆಯ ಕಾಗದ ಎಲ್ಲಿ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೇ ಮನೆ ಹುಡುಕುವವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ನೂರು ವರ್ಷದ ತೊಟ್ಟಿಮನೆ, ಪಕ್ಕದಲ್ಲಿ ನೆಂಟರು ಉಳಿಯೋಕೆ ಬೇರೆ ಮನೆ, ಎರಡು ಎಕರೆ ಅಡಿಕೆ ತೋಟ. ಕೊಡ್ತೀವಿ ಅಂತಿದಾರೆ. ತಗೋಬಹುದಾ?”

ತಗೋಬಹುದು. ಆದರೆ ನೋಡುವ ಕ್ರಮ ಹಿಂದುಮುಂದಾಗಬೇಕು. ಬಂದವರು ಜಗಲಿ ಹತ್ತಿ, ಮುಂಡಿಗೆ (ಮರದ ಕಂಬ) ಸವರಿ, ಮನಸೋತು, ಹೊರಡುವಾಗ ಆ ಬೇರೆ ಮನೆಯ, ಅಂದರೆ ಹೊರಮನೆಯ, ಬಾಗಿಲು ತೆಗೆಸಿ ಇಣುಕುತ್ತಾರೆ. ಮೊದಲು ನೋಡಬೇಕಾದ್ದು ಆ ಹೊರಮನೆಯನ್ನೇ. ತೊಟ್ಟಿಮನೆಯನ್ನು ಹಿರಿಯರು ಜಾಗ ನೋಡಿ ಕಟ್ಟಿಸಿದ್ದು. ಹೊರಮನೆ ಆಮೇಲೆ, ಖಾಲಿ ಸಿಕ್ಕಲ್ಲಿ ಎದ್ದಿದ್ದು. ಅದು ಪಕ್ಕದ ಸರ್ವೆ ನಂಬರಿನಲ್ಲಿ, ಖರಾಬಿನಲ್ಲಿ (ಸಾಗುವಳಿಗೆ ಬಾರದ ಜಾಗ) ಅಥವಾ ಸೊಪ್ಪಿನ ಬೆಟ್ಟದಲ್ಲಿ ಕೂತಿರುವ ಸಾಧ್ಯತೆ ಜಾಸ್ತಿ. ಸೊಪ್ಪಿನ ಬೆಟ್ಟ ಸರ್ಕಾರದ್ದು. ತೋಟದವರಿಗಿರುವುದು ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು ಮಾತ್ರ. ಅಲ್ಲಿ ಎದ್ದ ಮನೆಯನ್ನು ಕ್ರಯಪತ್ರದಲ್ಲಿ ಎಷ್ಟು ಚೆಂದಾಗಿ ಬರೆಸಿದರೂ ನೆಲ ನಿಮ್ಮದಾಗುವುದಿಲ್ಲ.

ಹಾಗಾಗಿ ಮುಂಗಡ ಕೊಡುವ ಮೊದಲೇ ಮಾಲೀಕರಿಂದ ಹದ್ದುಬಸ್ತಿಗೆ (ಸರ್ವೆಯವರಿಂದ ಗಡಿ ಗುರುತಿಸುವುದು) ಅರ್ಜಿ ಹಾಕಿಸಿ. ಭೂಮಾಪಕರು ಬಂದ ದಿನ ನೀವೂ ಅಲ್ಲೇ ಇದ್ದು, ಎರಡೂ ಮನೆಗಳ ನಾಲ್ಕು ಮೂಲೆ, ಬಾವಿ, ದಾರಿ ಗಡಿಯೊಳಗೆ ಬರುತ್ತವೆಯೇ ಎಂದು ಗುರುತು ಮಾಡಿಸಿಕೊಳ್ಳಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಬೇರ್ಪಡಿಸಿ ತೋರಿಸುವ ಸರ್ವೆ ನಕ್ಷೆ) ಇಲ್ಲದೆ ನೋಂದಣಿಯೇ ಆಗದು.

ಇನ್ನು ಪಹಣಿ, ಅಂದರೆ ಜಮೀನಿನ ಹಕ್ಕು, ಬೆಳೆಯ ದಾಖಲೆ. ಮಲೆನಾಡಿನ ಒಂಟಿಮನೆಗಳು ಬಹುಪಾಲು ಗ್ರಾಮಠಾಣದಲ್ಲಿಲ್ಲ (ಊರಿನ ವಸತಿ ಜಾಗ), ತೋಟದ ನಡುವೆಯೇ ಇವೆ. ಪಹಣಿಯಲ್ಲಿ ಬರೀ ಅಡಿಕೆ ಇರುತ್ತದೆ, ಮನೆಯ ಸುಳಿವಿರುವುದಿಲ್ಲ. ಗ್ರಾಮಠಾಣದ ಮನೆಯಾದರೆ ಪಂಚಾಯಿತಿಯಿಂದ ಇ-ಸ್ವತ್ತು (ಪಂಚಾಯಿತಿ ಆಸ್ತಿಯ ಗಣಕ ದಾಖಲೆ) ನಮೂನೆ 9 ಮತ್ತು 11 ಕೇಳಿ. ಕೃಷಿ ಜಮೀನಿನ ಮನೆ ತೋಟದ ಮನೆ ಎಂದು ನಡೆಯುತ್ತದೆ, ಹಿಡುವಳಿಯ ಶೇ. 10ರ ಮಿತಿಯೊಳಗೆ. ಅದನ್ನು ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ. ಹೊರಮನೆಯಲ್ಲಿ ಹೋಮ್‌ಸ್ಟೇ ಮಾಡಿ ಸಾಲ ತೀರಿಸುತ್ತೇನೆ ಎಂಬ ಲೆಕ್ಕ ನಿಮಗಿದ್ದರೆ ಭೂ ಪರಿವರ್ತನೆಯ ಖರ್ಚು, ಕಾಲ ಎರಡನ್ನೂ ಬೆಲೆಯೊಳಗೇ ಸೇರಿಸಿ ಮಾತಾಡಿ.

ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಆ ತೊಡಕು ಈಗಿಲ್ಲ. ಉಳಿದ ತೊಡಕು ಕುಟುಂಬದ್ದು. ಕೂಡುಕುಟುಂಬದ ಮನೆಯಾದ್ದರಿಂದ ವಂಶವೃಕ್ಷ ತೆಗೆಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿದೆಯೇ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಗಂಡುಮಕ್ಕಳಷ್ಟೇ ಪಾಲು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಪಾಲುಪಟ್ಟಿ ಇದ್ದರೆ ಮಾತು ಬೇರೆ. “ತಂಗಿ ಏನೂ ಕೇಳಲ್ಲ” ಎಂಬ ಭರವಸೆ ಸಾಲದು, ತಂಗಿಯ ಸಹಿ ಬೇಕು. ಋಣಭಾರ ಪತ್ರ ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ಪುಸ್ತಕದಿಂದಲೇ ತೆಗೆಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿ ಹೌದೋ ಅಲ್ಲವೋ ಎಂಬುದನ್ನು ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲೇ ನೋಡಿ. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ.

“ಕೆಳದಿ ಕಾಲದ ಮನೆ” ಎಂಬ ಮಾತನ್ನು ಬೆಲೆಯೊಳಗೆ ಬಿಟ್ಟುಕೊಳ್ಳಬೇಡಿ. ಕೆಳದಿ ಅರಸರ ರಾಜಧಾನಿ ಬಿದನೂರು ಹೈದರನ ಕೈಸೇರಿ ಆ ಕಾಲ ಮುಗಿದದ್ದು 1763ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಹಂಚಿನ ಬೆನ್ನಿನ ಅಚ್ಚು ಮಾಡಿನ (ಚಾವಣಿಯ) ವಯಸ್ಸು ಹೇಳೀತು, ಮನೆಯ ವಯಸ್ಸನ್ನಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಸಂರಕ್ಷಿತ ಸ್ಮಾರಕದ ಹತ್ತಿರವಿದ್ದರೆ ಮಾತ್ರ ಚರಿತ್ರೆ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ: 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ರಿಪೇರಿಗೂ ಅನುಮತಿ ಬೇಕು, ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು.

ಕಟ್ಟಡ ನೋಡಲು ಜನವರಿಯಲ್ಲಿ ಹೋಗಬೇಡಿ, ಆಗ ಎಲ್ಲ ಮನೆಯೂ ಚೆಂದ. ಜುಲೈಯಲ್ಲಿ ಒಮ್ಮೆ ಹೋಗಿ. ಕೈಯಲ್ಲೊಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಇರಲಿ. ತೊಟ್ಟಿಯ (ನಡು ಅಂಗಳದ) ಸುತ್ತಲಿನ ಮುಂಡಿಗೆಗಳ ಬುಡಕ್ಕೆ ಬಗ್ಗಿ ನೋಡಿ. ಹಳಬರು ಮರವನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ, ಕಲ್ಲಿನ ಮೇಲೆ ಕೂರಿಸುತ್ತಿದ್ದರು. ಆಮೇಲೆ ಬಂದವರು ಟೈಲ್ಸ್ ಹಾಕಿ ನೆಲವನ್ನು ನಾಲ್ಕು ಇಂಚು ಏರಿಸಿದಾಗ ಆ ಕಲ್ಲು ಹುಗಿದು, ಮರದ ಬುಡ ಸಿಮೆಂಟಿನೊಳಗೆ ಸೇರಿಕೊಂಡಿತು. ಮರ ನೀರು ಹೀರುವುದೇ ಅಡ್ಡ ಕೊಯ್ದ ಆ ತುದಿಯಿಂದ. ಮೇಲೆ ಎಣ್ಣೆ ಹಚ್ಚಿ ಫಳಫಳ ಹೊಳೆಯುವ ಕಂಬ ನೆಲದಿಂದ ಒಂದು ಗೇಣಿನವರೆಗೆ ಒಳಗೇ ಬೂದಿಯಾಗಿರಬಹುದು. ಗೆಣ್ಣಿನಿಂದ ತಟ್ಟಿದರೆ ಮೇಲೆ ಟಣ್ ಎನ್ನುತ್ತದೆ, ಬುಡದಲ್ಲಿ ಡೊಬ್ ಎನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಬುಡ ಹೋಗಿದೆ. ಇದಕ್ಕೆ ಕಂಬ ಬದಲಿಸಬೇಕಿಲ್ಲ. ತೊಲೆಗೆ ಜಾಕಿ ಕೊಟ್ಟು ಭಾರ ಎತ್ತಿ, ಹಾಳಾದಷ್ಟನ್ನು ಕೊಯ್ದು, ಅದೇ ಎತ್ತರದ ಕಲ್ಲು ಕೂರಿಸಿದರೆ ಸಾಕು. ಕೆತ್ತನೆಯ ಮುಂಡಿಗೆಯನ್ನು ಕಿತ್ತು ಕಾಂಕ್ರೀಟ್ ಕಂಬ ನಿಲ್ಲಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾಡಿನ ಲೆಕ್ಕ ಹೀಗೆ: 100 ಚದರಡಿಗೆ ಸುಮಾರು 150 ಮಂಗಳೂರು ಹಂಚು, ಒಂದೊಂದು ಎರಡೂವರೆ ಕಿಲೋ ಆಸುಪಾಸು. 2000 ಚದರಡಿ ಮಾಡಿಗೆ 3000 ಹಂಚು, ಏಳೂವರೆ ಟನ್ ಭಾರ. ಇಳಿಸಿ ಮತ್ತೆ ಹೊದಿಸುವಾಗ ಹತ್ತಕ್ಕೊಂದು ಒಡೆಯುತ್ತದೆಂದೇ ಲೆಕ್ಕವಿಡಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಅಂಚಿನ ತೋಡಿಗೆ ಕೂರುವುದಿಲ್ಲ, ಆ ಸಂದಿಯಲ್ಲೇ ಸೋರುತ್ತದೆ. ಅಚ್ಚಿನ ಹೆಸರು ಬರೆದುಕೊಂಡು, ಕೆಡವಿದ ಮನೆಗಳಲ್ಲಿ ಅದೇ ಹಂಚು ಹುಡುಕಿ. ಹಂಚು ಹೊರುವ ಮರಗಳಾದ ಪಕಾಸು, ರೀಪಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದರೆ ಒರಲೆ (ಗೆದ್ದಲು) ಹತ್ತಿರ ಬರುವುದು ಕಡಿಮೆ.

ಮತ್ತೆ ಹೊರಮನೆಗೆ ಬನ್ನಿ. ಎಷ್ಟೋ ಕಡೆ ಅದು ಹಿಂದೆ ಕೊಟ್ಟಿಗೆ. ದಶಕಗಟ್ಟಲೆ ಗಂಜಳ ಕುಡಿದ ಗೋಡೆಯ ಬುಡದಲ್ಲಿ ಉಪ್ಪು ಸೇರಿರುತ್ತದೆ. ಮೇಲೆ ಸಿಮೆಂಟ್ ಗಿಲಾವು, ಪೇಂಟ್ ಬಳಿದಿದ್ದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಹೂವು ಅರಳಿ, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮಂಚದ ಹಿಂದೆ, ಬೀರುವಿನ ಹಿಂದೆ ನೋಡಿ. ಮಣ್ಣಿನ ಗೋಡೆಗೂ ಜಂಬಿಟ್ಟಿಗೆ (ಮುರಕಲ್ಲು) ಗೋಡೆಗೂ ಸಿಮೆಂಟ್ ವೈರಿ: ಹೀರಿದ ತೇವ ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಗೋಡೆ ಕುಸಿಯುತ್ತದೆ. ಸಿಮೆಂಟ್ ಕೆರೆದು, ಒಂದು ಪೂರ್ತಿ ಬೇಸಿಗೆ ಒಣಗಲು ಬಿಟ್ಟು, ಸುಣ್ಣ ಒಂದು ಪಾಲು, ಮರಳು ಮೂರು ಪಾಲಿನ ಗಾರೆ ಮಾಡಿಸಿ. ಮಳೆಗಾಲದಲ್ಲಿ ಬೇಡ, ಸುಣ್ಣ ಗಟ್ಟಿಯಾಗುವುದಿಲ್ಲ. ಮಳೆ ಹೊಡೆಯುವ ಬದಿಗೆ ಜೂನ್ ಮೊದಲು ಅಡಿಕೆ ಸೋಗೆಯ ತಟ್ಟಿ ಕಟ್ಟುವ ಹಳೇ ಪದ್ಧತಿಗೆ ಸಮನಾದದ್ದು ಇನ್ನೂ ಬಂದಿಲ್ಲ.

ಹೊರಮನೆಯ ಶೌಚಗುಂಡಿ ಬಾವಿಯಿಂದ 20 ಮೀಟರಿಗಿಂತ ಹತ್ತಿರವಿದ್ದರೆ ಜಾಗ ಬದಲಿಸಲೇಬೇಕು. ನೀರು ಅಬ್ಬಿಯಿಂದ (ಗುಡ್ಡದಿಂದ ಇಳಿಯುವ ನೀರು) ಪೈಪಿನಲ್ಲಿ ಬರುತ್ತಿದ್ದರೆ ಆ ಮೂಲ ಯಾರ ಜಮೀನಿನಲ್ಲಿದೆ, ಏಪ್ರಿಲ್‌ನಲ್ಲಿ ಎಷ್ಟು ಬರುತ್ತದೆ ಎಂದು ಕೇಳಿ. ದಾರಿ, ನೀರು ಎರಡರ ಹಕ್ಕೂ ಪತ್ರದಲ್ಲಿ ಬರಲಿ.

ಕರಾರಿನ ಜೊತೆಗೆ ಫೋಟೋ ಸಮೇತ ಒಂದು ಪಟ್ಟಿ ಲಗತ್ತಿಸಿ: ಮುಂಡಿಗೆ ಎಷ್ಟು, ಕೆತ್ತನೆಯ ಬಾಗಿಲವಾಡ (ಬಾಗಿಲ ಚೌಕಟ್ಟು) ಎಷ್ಟು, ಅಟ್ಟದ ಹಲಗೆ, ಕಲ್ಲಿನ ದೋಣಿ (ನೀರಿನ ತೊಟ್ಟಿ), ಬಚ್ಚಲ ಹಂಡೆ. ಕರಾರಿಗೂ ನೋಂದಣಿಗೂ ನಡುವಿನ ಎರಡು ಮೂರು ತಿಂಗಳಲ್ಲಿ ಬೀಟೆ ಬಾಗಿಲು ಹಳೇ ಸಾಮಾನಿನವರ ಲಾರಿ ಹತ್ತುವುದು ಇಂಥ ಪಟ್ಟಿ ಇಲ್ಲದ ಮನೆಗಳಲ್ಲೇ.